600 ಓಮ್ ಹೆಡ್‌ಫೋನು ಕಪಾಟಿನಿಂದ ಹೊರಬಂದ ಬಗೆ: ನನ್ನ ಅನುಭವ

ಬೇಯರ್‌ಡೈನಾಮಿಕ್ ಡಿಟಿ 880 ಹೆಡ್‌ಫೋನಿನ 600 ಓಮ್ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಮಾದರಿಯನ್ನು ನಾನು ಕೊಂಡಾಗ ಬಲ್ಲವರೆಲ್ಲರೂ ಹೇಳಿದ್ದು ಒಂದೇ ಮಾತು: ಐವತ್ತು ಸಾವಿರದ ಆಂಪ್ಲಿಫೈಯರ್ ಇಲ್ಲದಿದ್ದರೆ ಅದು ಕಪಾಟಿಗೇ ಸರಿ. ಎರಡು ವರ್ಷ ಅದು ಕಪಾಟಿನಲ್ಲಿ ಕುಳಿತದ್ದೂ ನಿಜವೇ. ಈಗ ಅದನ್ನು ನುಡಿಸುತ್ತಿರುವುದು ನಾನೇ ಬೆಸುಗೆ ಹಾಕಿ ಕಟ್ಟಿದ ಪೆಟ್ಟಿಗೆ. ಸುಟ್ಟದ್ದು, ಬಿಸಾಡಿದ್ದು ಎಲ್ಲವನ್ನೂ ಸೇರಿಸಿದರೂ ಅದರ ಖರ್ಚು ಏಳು ಸಾವಿರ ರೂಪಾಯಿಯನ್ನು ದಾಟಿಲ್ಲ.

ಮೊದಲ ತಪ್ಪು ದುಬಾರಿಯದ್ದು. ಸುಮಾರು 32,000 ರೂಪಾಯಿ ಕೊಟ್ಟು ಒಂದು ಪೋರ್ಟಬಲ್ ಪ್ಲೇಯರ್ ತಂದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಮಿಲಿವಾಟ್ ಸಂಖ್ಯೆ ನನ್ನನ್ನು ಮರುಳು ಮಾಡಿತ್ತು. ಆ ಸಂಖ್ಯೆ 4.4 ಮಿ.ಮೀ. ಬ್ಯಾಲೆನ್ಸ್ಡ್ ಜಾಕಿಗೆ (ಎಡ, ಬಲ ಕಿವಿಗಳಿಗೆ ಬೇರೆ ಬೇರೆ ಜೋಡಿ ತಂತಿಯಿರುವಂಥದ್ದು), ಅದೂ 32 ಓಮ್ ಹೊರೆಗೆ, ಎಂದರೆ ಅಷ್ಟು ತಡೆಯ ಹೆಡ್‌ಫೋನಿಗೆ, ಸಂಬಂಧಿಸಿದ್ದೆಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದುದನ್ನು ಓದಿದ್ದು ಹಣ ಕೊಟ್ಟ ಮೇಲೆ. ನನ್ನ ಡಿಟಿ 880ರ ತಂತಿಯ ತುದಿಯಲ್ಲಿದ್ದುದು 3.5 ಮಿ.ಮೀ. ಪ್ಲಗ್. ವಾಲ್ಯೂಮನ್ನು ಕೊನೆಯವರೆಗೆ ಏರಿಸಿದರೂ ಹಳೆಯ ಸಂಗೀತ ಕಛೇರಿಗಳ ಧ್ವನಿಮುದ್ರಣಗಳು ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿದ್ದವು. ನನ್ನಲ್ಲಿರುವ ಇನ್ನೊಂದು ಹೆಡ್‌ಫೋನು ಹೈಫೈಮನ್ ಎಚ್‌ಇ400ಎಸ್‌ಇ. ಅದು 25 ಓಮ್‌ನದ್ದಾದ್ದರಿಂದ ಸುಲಭವಾಗಿ ನಡೆಯಬಹುದೆಂದುಕೊಂಡಿದ್ದೆ. ಶಬ್ದವೇನೋ ಜೋರಾಗಿಯೇ ಬಂತು, ಆದರೆ ತನಿ ಆವರ್ತನದಲ್ಲಿ ಮೃದಂಗದ ಗುಮ್ಕಿ (ಎಡಭಾಗದ ಆಳವಾದ ನಾದ) ಬಂದಾಗಲೆಲ್ಲ ನಾದ ಒಡೆದು, ಒದ್ದೆ ಚೀಲಕ್ಕೆ ಹೊಡೆದಂತಾಗುತ್ತಿತ್ತು.

ಆಗಲೇ ಲೆಕ್ಕಕ್ಕೆ ಕುಳಿತೆ. ಹಳೆಯ ಮುದ್ರಣಗಳನ್ನು ಬಹಳ ಕೆಳಮಟ್ಟದಲ್ಲಿ ವರ್ಗಾಯಿಸಿರುವುದರಿಂದ ಶಿಖರಕ್ಕೆ, ಎಂದರೆ ಅತಿ ಜೋರಾದ ಕ್ಷಣಕ್ಕೆ, 115 ಡೆಸಿಬೆಲ್ ಅವಕಾಶ ಇಟ್ಟುಕೊಳ್ಳುವುದು ನನ್ನ ಪದ್ಧತಿ. ನಾನು ಕೇಳುವ ಸರಾಸರಿ ಅದಕ್ಕಿಂತ 35-40 ಡೆಸಿಬೆಲ್ ಕೆಳಗಿರುತ್ತದೆ. ಡಿಟಿ 880 ಒಂದು ಮಿಲಿವಾಟಿಗೆ 96 ಡೆಸಿಬೆಲ್ ಕೊಡುವುದರಿಂದ ಆ ಶಿಖರಕ್ಕೆ ಸುಮಾರು 80 ಮಿಲಿವಾಟ್ ಸಾಕು, ಆದರೆ 600 ಓಮ್‌ಗೆ ಅಷ್ಟನ್ನು ಊಡಿಸಲು 7 ವೋಲ್ಟ್ ಬೇಕು. ವಿದ್ಯುತ್ ಪ್ರವಾಹ ಮಾತ್ರ 12 ಮಿಲಿಆಂಪಿಯರ್ ಇದ್ದರೆ ಆಯಿತು. ಎಚ್‌ಇ400ಎಸ್‌ಇಯದ್ದು ಪೂರ್ತಿ ತಿರುಗುಮುರುಗು. 91 ಡೆಸಿಬೆಲ್ ಸಂವೇದನೆಗೆ ಸುಮಾರು 250 ಮಿಲಿವಾಟ್ ಬೇಕು, ವೋಲ್ಟೇಜು ಎರಡೂವರೆ ಸಾಕು, ಪ್ರವಾಹ ಮಾತ್ರ 100 ಮಿಲಿಆಂಪಿಯರ್. ಒಂದಕ್ಕೆ ಎತ್ತರದ ಟ್ಯಾಂಕು ಬೇಕು, ಇನ್ನೊಂದಕ್ಕೆ ದಪ್ಪ ಕೊಳವೆ. ಇವೆರಡನ್ನೂ 'ಕಷ್ಟದ ಹೆಡ್‌ಫೋನು' ಎಂಬ ಒಂದೇ ಹೆಸರಿನಿಂದ ಕರೆದು ಒಂದೇ ಪ್ಲೇಯರಿನ ಮುಂದೆ ಕೂರಿಸಿದ್ದು ನನ್ನ ದಡ್ಡತನ.

ಪ್ಲೇಯರಿನಲ್ಲಿ ನಿಜಕ್ಕೂ ಎಷ್ಟಿದೆ ಎಂದು ಅಳೆಯಲು ಮೊದಲು ತಂದದ್ದು 250 ರೂಪಾಯಿಯ ಹಳದಿ ಮೀಟರು. ಅದರ ಅತಿ ಕಡಿಮೆ ಎಸಿ ಶ್ರೇಣಿಯೇ 200 ವೋಲ್ಟ್ ಎಂಬುದು ಮನೆಗೆ ತಂದ ಮೇಲೆ ಕಣ್ಣಿಗೆ ಬಿತ್ತು. 1,200 ರೂಪಾಯಿಯದು ಸರಿಹೋಯಿತು. 50 ಹರ್ಟ್ಸ್‌ನ ಸ್ವರವನ್ನು ಒಂದೊಂದೇ ಡೆಸಿಬೆಲ್ ಏರುವ ಕಡತಗಳಾಗಿ ಮಾಡಿಕೊಂಡು, ಜಾಕಿಗೆ 33 ಓಮ್‌ನ 2 ವಾಟ್ ರೆಸಿಸ್ಟರ್ ಕಟ್ಟಿ, ಒಂದೊಂದಾಗಿ ನುಡಿಸಿದೆ. ಪ್ರತಿ ಹೆಜ್ಜೆಗೂ ಮೀಟರಿನ ಅಂಕಿ ಸುಮಾರು ಶೇ. 12ರಷ್ಟು ಏರಬೇಕು, ಏರಿಕೆ ಕುಗ್ಗತೊಡಗಿದ ಜಾಗದಲ್ಲಿ ಆಂಪ್ಲಿಫೈಯರಿನ ಉಸಿರು ಕಟ್ಟುತ್ತಿದೆ ಎಂದೇ ಅರ್ಥ. ಆಸಿಲೋಸ್ಕೋಪ್ (ಅಲೆಯ ಆಕಾರವನ್ನೇ ತೋರಿಸುವ ಯಂತ್ರ) ಇದ್ದವರು ನಗಬಹುದು. ನನ್ನಲ್ಲಿ ಅದು ಇರಲಿಲ್ಲ, ಕೆಲಸವೂ ನಿಲ್ಲಲಿಲ್ಲ.

ಹೊರೆಯಿಲ್ಲದಾಗ ಪ್ಲೇಯರ್ ಕೊಟ್ಟದ್ದು 2 ವೋಲ್ಟ್. 33 ಓಮ್ ಕಟ್ಟಿದಾಗ 1.2ರ ಹತ್ತಿರವೇ ಏದುಸಿರು. ಎಂದರೆ 36 ಮಿಲಿಆಂಪಿಯರ್. ಟ್ಯಾಂಕೂ ಗಿಡ್ಡ, ಕೊಳವೆಯೂ ಸಣ್ಣ. ಕಡಿಮೆ ಮಟ್ಟದಲ್ಲಿ ಹೊರೆ ಕಟ್ಟಿ ಮತ್ತು ಬಿಡಿಸಿ ನೋಡಿದಾಗ ಅದರ ಒಳ ಇಂಪೀಡೆನ್ಸ್ (ಒಳಗಿನ ಸ್ವಂತ ತಡೆ) 3 ಓಮ್‌ನಷ್ಟಿದೆಯೆಂದೂ ತಿಳಿಯಿತು.

ಮುಂದೆ ಆರಿಸಿಕೊಂಡದ್ದು ಓ2 ಆಂಪ್ಲಿಫೈಯರ್. 2011ರಲ್ಲಿ ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದ ವಿನ್ಯಾಸಕಾರ ಎಲ್ಲರಿಗೂ ತೆರೆದಿಟ್ಟ ನಕ್ಷೆಯದು. "ಅಷ್ಟು ಹಳೆಯದು ಯಾಕೆ ಸಾರ್, ಈಗ ಅದನ್ನು ಯಾರು ಕಟ್ಟುತ್ತಾರೆ?" ಎಂದವರುಂಟು. ಮನೆಯ ವಿದ್ಯುತ್ತಿನಲ್ಲಿ ಅದು 600 ಓಮ್‌ಗೆ ಸುಮಾರು 7 ವೋಲ್ಟ್ ಕೊಡುತ್ತದೆ, ಒಳ ಇಂಪೀಡೆನ್ಸ್ ಅರ್ಧ ಓಮ್. ನನ್ನ ಲೆಕ್ಕಕ್ಕೆ ಅಳೆದು ಹೊಲಿಸಿದ ಅಂಗಿಯಂತಿತ್ತು.

ಕಟ್ಟುವಾಗ ಮೂರು ಬಾರಿ ಮುಗ್ಗರಿಸಿದೆ. ಒಬ್ಬ ಆನ್‌ಲೈನ್ ಮಾರಾಟಗಾರನಿಂದ ಅಗ್ಗಕ್ಕೆ ಕೊಂಡ ಎನ್‌ಜೆಎಂ4556 ಐಸಿ ಚಿಪ್ಪುಗಳು ನಕಲಿಯಾಗಿದ್ದವು. ಹೊರೆ ಕೊಟ್ಟ ಅರ್ಧ ನಿಮಿಷದಲ್ಲಿ ಬೆರಳಿಡಲಾಗದಷ್ಟು ಕಾದವು. ಅಸಲಿಯನ್ನು ಎಲ್ಲಿ ತಂದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅಲ್ಲಿ ದಾಸ್ತಾನು ಕಡಿಮೆ. ಎರಡನೆಯದು ಅಡಾಪ್ಟರಿನ ಪಾಡು. ಈ ಸರ್ಕ್ಯೂಟಿಗೆ ಡಿಸಿ ಅಲ್ಲ, ಎಸಿಯನ್ನೇ ಹೊರಬಿಡುವ ಅಡಾಪ್ಟರ್ ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಶನಿವಾರವಿಡೀ ಅಲೆದರೂ ಕೈಗೆ ಬಂದದ್ದೆಲ್ಲ ಡಿಸಿ. ಕೊನೆಗೆ 15 ವೋಲ್ಟಿನ ಬಿಡಿ ಟ್ರಾನ್ಸ್‌ಫಾರ್ಮರನ್ನೇ ಕೊಂಡು, ಫ್ಯೂಸು ಸೇರಿಸಿ, ಬೇರೆ ಡಬ್ಬಿಯಲ್ಲಿಟ್ಟು ತಂತಿ ಎಳೆದೆ. ಮೊದಲು ಅದನ್ನು ಆಂಪ್ಲಿಫೈಯರಿನ ಪೆಟ್ಟಿಗೆಯೊಳಗೇ ಕೂರಿಸಿದ್ದಾಗ ತಂಬೂರಿಯ ಜೊತೆಗೆ 50 ಹರ್ಟ್ಸ್‌ನ ಇನ್ನೊಂದು ಶ್ರುತಿ ಬಿಟ್ಟಿಯಾಗಿ ಸಿಗುತ್ತಿತ್ತು.

ಮೂರನೆಯದು ಗೇನ್, ಎಂದರೆ ಒಳಬಂದ ವೋಲ್ಟೇಜನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದು. ಹೆಚ್ಚು ಇದ್ದಷ್ಟೂ ಒಳ್ಳೆಯದೆಂದು 6.5 ಪಟ್ಟು ಇಟ್ಟೆ. 2 ವೋಲ್ಟಿನ ಮೂಲದಿಂದ ಜೋರಾದ ಸ್ವರಗಳೆಲ್ಲ ಗೊರಗೊರ ಅಂದವು. ವಾಲ್ಯೂಮ್ ತಗ್ಗಿಸಿದರೂ ಗೊರಗು ಹೋಗಲಿಲ್ಲ. ಹೆಡ್‌ಫೋನೇ ಕೆಟ್ಟಿತೆಂದು ಒಂದು ವಾರ ಕೊರಗಿದೆ. ಓ2ನಲ್ಲಿ ಗೇನ್ ಹಂತ ಮೊದಲು, ವಾಲ್ಯೂಮ್ ಗುಂಡಿ ಆಮೇಲೆ ಬರುತ್ತದೆ ಎಂಬುದು ನಕ್ಷೆಯಲ್ಲಿ ಕಣ್ಣೆದುರಿಗೇ ಇತ್ತು. 274 ಓಮ್‌ನ ರೆಸಿಸ್ಟರುಗಳನ್ನು ಕಿತ್ತು 600ರ ಹತ್ತಿರದವನ್ನು ಹಾಕಿದೆ. ಗೇನ್ ಮೂರೂವರೆಗೆ ಇಳಿಯಿತು, ಎರಡು ಮೂರೂವರೆ ಏಳು. ಆ ರಾತ್ರಿ ಡಿಟಿ 880 ಮೊದಲ ಬಾರಿಗೆ ಬಾಯಿ ತುಂಬ ಹಾಡಿತು.

ಎಚ್‌ಇ400ಎಸ್‌ಇಗೆ ದಾರಿ ಸುಲಭವಿತ್ತು, ಏಕೆಂದರೆ ಅದರ ಎರಡೂ ಕಿವಿಗಳಿಗೆ ಬಿಡಿ ತಂತಿ, ಬ್ಯಾಲೆನ್ಸ್ಡ್ ಕೇಬಲ್ ಹಾಕಿದರಾಯಿತು. 4.4 ಜಾಕ್ ಇರುವ ನಾಲ್ಕು ಸಾವಿರದ ಡಾಂಗಲ್ (ಫೋನಿಗೆ ಸಿಕ್ಕಿಸುವ ಪುಟ್ಟ ಆಂಪ್ಲಿಫೈಯರ್) ತಂದೆ. ಅದನ್ನು ಕೊಂದವನೂ ನಾನೇ: ಆಸೆ ತಡೆಯಲಾರದೆ 4.4ರಿಂದ 3.5ಕ್ಕೆ ಬದಲಿಸುವ ಅಗ್ಗದ ಕೊಂಡಿ ಹಾಕಿ ಡಿಟಿ 880ನ್ನು ಚುಚ್ಚಿದೆ. ಎರಡೂ ಕಡೆಯ ಋಣ ತಂತಿಗಳು ಆ ಕೊಂಡಿಯಲ್ಲಿ ಒಂದಾಗಿ ಎಡ ಚಾನೆಲ್ ಅಲ್ಲೇ ಸತ್ತಿತು. ಎರಡನೆಯದಕ್ಕೆ ಒಂಬತ್ತು ಸಾವಿರ ಕೊಟ್ಟೆ. 33 ಓಮ್ ಹೊರೆಗೆ ಅದು ಸುಮಾರು 2.4 ವೋಲ್ಟ್ ನಿಭಾಯಿಸುತ್ತದೆ, ಅಂದರೆ 70 ಮಿಲಿಆಂಪಿಯರಿಗೂ ತುಸು ಮೇಲೆ. ನನ್ನ ಗುರಿಗೆ ಸ್ವಲ್ಪ ಕಡಿಮೆಯೇ, ಆದರೂ ಗುಮ್ಕಿ ಒಡೆಯುವುದಿಲ್ಲ. ಫೋನಿನ ಬ್ಯಾಟರಿಯನ್ನು ಮಾತ್ರ ಕುಡಿದು ಹಾಕುತ್ತದೆ.

ನಡುವೆ ಮೂರು ಸಂಜೆ ಇನ್ನೊಂದು ಹುಚ್ಚು. ಹೆಡ್‌ಫೋನ್ ಜಾಕಿನ ಒಳ ಇಂಪೀಡೆನ್ಸ್ 120 ಓಮ್ ಇರಬೇಕೆಂಬ ಹಳೆಯ ಶಿಫಾರಸು ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿತ್ತು. ಅದನ್ನು ಪರೀಕ್ಷಿಸಲು ಸರಣಿಯಲ್ಲಿ 120 ಓಮ್ ಸೇರಿಸಿ ಕೇಳಿದೆ. ಎಚ್‌ಇ400ಎಸ್‌ಇಯಲ್ಲಿ ಮಟ್ಟ ಕುಸಿಯಿತೇ ಹೊರತು ಬಣ್ಣ ಬದಲಾಗಲಿಲ್ಲ, ಅದರ ಇಂಪೀಡೆನ್ಸ್ ಎಲ್ಲ ಸ್ಥಾಯಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಗೆಳೆಯರೊಬ್ಬರ ಬಹು-ಡ್ರೈವರ್ (ಒಂದೊಂದು ಕಿವಿಗೂ ಹಲವು ಪುಟ್ಟ ಸ್ಪೀಕರುಗಳಿರುವ) ಇಯರ್‌ಫೋನಿನಲ್ಲಿ ಪಿಟೀಲು ಗುರುತೇ ಸಿಗದಂತಾಯಿತು. ಅದೇ ಇಯರ್‌ಫೋನಿನ ಹಿಸ್ಸೆನ್ನುವ ಸದ್ದನ್ನು ಎರಡು ರೆಸಿಸ್ಟರುಗಳಲ್ಲಿ ಅಡಗಿಸಿದ್ದೇನೆ. ಅವು ಎಷ್ಟೆಷ್ಟು ಓಮ್‌ನವೆಂದು ಹೇಳಲಾರೆ, ಕೇಳಿದವರಿಗೆ ಕಟ್ಟಿಕೊಡುತ್ತೇನೆ.

ಐವತ್ತು ಸಾವಿರದ ಮಾತನಾಡಿದ್ದ ಗೆಳೆಯರನ್ನೇ ಕೊನೆಗೆ ಮನೆಗೆ ಕರೆದೆ. ಅವರ ಆಂಪ್ಲಿಫೈಯರೂ ಜೊತೆಗೆ ಬಂತು. ಎರಡರ ವೋಲ್ಟೇಜನ್ನೂ ಮೀಟರಿನಲ್ಲಿ ಸಮ ಮಾಡಿ, ಒಂದು ಸ್ವಿಚ್ಚಿನ ಹಿಂದೆ ಅಡಗಿಸಿ, ಹತ್ತು ಬಾರಿ ಕೇಳಿಸಿದೆ. ಐದು ಸರಿ, ಐದು ತಪ್ಪು. "ಕರೆಂಟು ಸರಿ ಇಲ್ಲ ಸಾರ್ ನಿಮ್ಮ ಮನೇಲಿ" ಎಂದು ಹೇಳಿ ಕಾಫಿ ಕುಡಿದು ಹೊರಟರು.

ಪ್ಲೇಯರನ್ನು 19,000ಕ್ಕೆ ಮಾರಿದೆ. ಆ ಹಣದಲ್ಲಿ ಸತ್ತ ಡಾಂಗಲ್, ಬದುಕಿದ ಡಾಂಗಲ್, ಓ2 ಮೂರರ ಲೆಕ್ಕವೂ ಬಹುತೇಕ ತೀರಿ, ಪ್ಲೇಯರಿನಲ್ಲೇ ಕಳೆದ ಸುಮಾರು 13,000 ಬಿಟ್ಟರೆ ಕೈಯಿಂದ ಬಿದ್ದದ್ದು ಒಂದು ಸಾವಿರ ಮತ್ತು ಆ ಹಳದಿ ಮೀಟರಿನ 250 ರೂಪಾಯಿ.