ಮತ್ತಿ ಎದ್ದಿತು, ಹೊನ್ನೆ ಕೂತಿತು

ನಮ್ಮ ಮನೆಯ ಉಪ್ಪರಿಗೆಗೆ ಮರದ ಹಲಗೆ ಹಾಸಿ ನಾಲ್ಕು ಮಳೆಗಾಲ ಕಳೆಯಿತು. ಸರಿಯಾಗಿ ಹೇಳಬೇಕೆಂದರೆ ಎರಡು ಸಲ ಹಾಸಿದೆವು. ಮೊದಲನೆಯದು ಒಂದೇ ಮಳೆಗಾಲಕ್ಕೆ ಎದ್ದಿತು. ಮನೆಗೆ ಬಂದವರೆಲ್ಲ ಮೊದಲು ಕೇಳುವುದು "ಯಾವ ಮರ ಹಾಕಿದ್ರಿ?" ಅಂತ. ಹೊನ್ನೆ ಎಂದರೆ ಸಾಕು, ತಲೆಯಾಡಿಸಿ ಹೊರಡುತ್ತಾರೆ. ಆದರೆ ಆ ಉತ್ತರ ಅರ್ಧ ಮಾತ್ರ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಮನೆ ಇರುವುದು ಮೂಡಿಗೆರೆ ಕಡೆ, ಕಾಫಿ ತೋಟದ ನಡುವೆ. ಅಜ್ಜ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಕೆಳಗೆ ಕೆಂಪು ಗಾರೆ ನೆಲ, ಮೇಲೆ ಹಲಗೆಯ ಉಪ್ಪರಿಗೆ. ಒಂದು ದಿನ ಮೆಣಸಿನ ಚೀಲ ಇಳಿಸಲು ಹತ್ತಿದವನ ಕಾಲು ಮೊಣಕಾಲಿನವರೆಗೆ ಹಲಗೆಯೊಳಗೆ ಇಳಿಯಿತು. ಕೆಳಗೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಲೆಯ ಮೇಲೆ ಮಗನ ಪಾದ ನೋಡಿ ಕೂಗಿದ್ದು ಪಕ್ಕದ ಲೈನ್ ಮನೆವರೆಗೂ ಕೇಳಿಸಿತಂತೆ. ಗೋಡೆಯೊಳಗಿಂದ ಹತ್ತಿದ ಒರಲೆ ಹಲಗೆಯ ಒಳಗನ್ನು ಪೂರಾ ತಿಂದು, ಮೇಲಿನ ಪದರ ಮಾತ್ರ ಮರ್ಯಾದೆಗೆ ಉಳಿಸಿತ್ತು.

ಹಳೇ ಹಲಗೆ ನಂದಿ ಮರದ್ದು ಎಂದರು ಆಚಾರ್ರು. ಕೆಚ್ಚಿನ ಭಾಗ, ಅಂದರೆ ಮರದ ನಡುವಿನ ಬಲಿತ ಭಾಗ, ಇನ್ನೂ ಗಟ್ಟಿ ಇತ್ತು. ತೊಗಟೆಯ ಕಡೆಯ ಬಿಳಿ ಭಾಗ ಇದ್ದ ಕಡೆಯೆಲ್ಲ ಪುಡಿ. ಇದನ್ನು ಆಗಲೇ ಗಮನಿಸಿದ್ದು ಮುಂದೆ ಉಪಯೋಗಕ್ಕೆ ಬಂತು. ಯಾವ ಮರ ಎಂದು ಖಚಿತವಾಗಿ ತಿಳಿಯಬೇಕಾದವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಂಡು ಕೊಡಬಹುದು. ನಾನು ಅಷ್ಟು ದೂರ ಹೋಗಲಿಲ್ಲ.

ಸಲಹೆಗೆ ಕೊರತೆ ಇರಲಿಲ್ಲ. ಭಾವ ತೇಗ ಅಂದರು. ಒಳ್ಳೆಯ ಮರ, ಅನುಮಾನವೇ ಇಲ್ಲ. ಆದರೆ ನಮ್ಮ ತೋಟದಲ್ಲಿ ಕೆಚ್ಚು ಬಲಿತ ತೇಗ ಇರಲಿಲ್ಲ, ಅಂಗಡಿಯ ರೇಟು ಕೇಳಿ ಸುಮ್ನೆ ಎದ್ದು ಬಂದೆ. ಪರಿಚಯದ ಒಬ್ಬರು ಬೀಟೆ ಹಾಕಿಸಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಅಂದರು. ಬೀಟೆ ಅಳಿವಿನ ಅಂಚಿಗೆ ಹೋಗುತ್ತಿರುವ ಮರ. ದೇಶ ದಾಟಿಸಲು ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಬೇರೆ ಇದೆ. ನಮ್ಮದೇ ಜಮೀನಿನಲ್ಲಿದ್ದರೂ ಅದರ ಹಕ್ಕು, ಬೆಲೆ ಕಟ್ಟುವ ಲೆಕ್ಕ ಎಲ್ಲ ತಲೆನೋವು. ನಿಂತಿರುವ ಬೀಟೆಯನ್ನು ಕಾಲಡಿಗೆ ಹಾಕಲು ಕಡಿಯುವುದು ನನಗೆ ಒಪ್ಪಿಗೆಯೂ ಆಗಲಿಲ್ಲ.

ಉಳಿದವರೆಲ್ಲ ಸಿಲ್ವರ್ ಓಕ್ ಅಂದರು. ತೋಟದ ತುಂಬ ಇದೆ. ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿಯೂ ಬೇಡ. ಗೆರೆಯೂ ಚಂದ. ಆದರೆ ಅದು ಆಸ್ಟ್ರೇಲಿಯಾದಿಂದ ನೆರಳಿಗೆಂದು ಬಂದ ಮರ, ಒರಲೆಗೆ ಹಬ್ಬದೂಟ. ಒಂದು ತುಂಡು ತಂದು ಅದರ ಮೇಲೆ ತೆಂಗಿನಕಾಯಿ ಒಡೆಯುವ ಕತ್ತಿಯ ಹಿಡಿಯಿಂದ ಒಂದು ಏಟು ಕೊಟ್ಟೆ. ಉಗುರು ಮುಳುಗುವಷ್ಟು ತಗ್ಗು ಬಿತ್ತು. ಅದೇ ಏಟಿಗೆ ಮತ್ತಿಯಲ್ಲಿ ಗುರುತು ಹುಡುಕಬೇಕಾಯಿತು.

ಹಾಗಾಗಿ ಮೊದಲ ಸಲ ಗೆದ್ದದ್ದು ಮತ್ತಿ.

ಮೊಸಳೆ ಚರ್ಮದ ಹಾಗೆ ತೊಗಟೆ ಇರುವ ಮರ, ಮಲೆನಾಡಿನವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಒಂದು ಘನ ಅಡಿ ಒಣ ತೇಗ ಸುಮಾರು 18 ಕೆಜಿ ತೂಗಿದರೆ ಮತ್ತಿ 24ರ ಆಸುಪಾಸು ತೂಗುತ್ತದೆ. ನಮ್ಮ ಮನೆಯ ತೊಲೆ, ಜಂತಿ ಎಲ್ಲ ಮತ್ತಿಯವೇ. ಅಷ್ಟು ವರ್ಷವಾದರೂ ಒಂದೂ ಬಾಗಿಲ್ಲ. ತೊಲೆಗೆ ಇಷ್ಟು ಗಟ್ಟಿ ಎಂದಮೇಲೆ ಹಲಗೆಗೆ ಕೇಳಬೇಕೇ ಅಂತ ನಾನೂ ಅಂದುಕೊಂಡೆ, ಆಚಾರ್ರೂ ಅಂದರು. ಇಬ್ಬರೂ ಎಡವಿದ್ದು ಅಲ್ಲೇ.

ಒಂದು ಸಣ್ಣ ಕೋಣೆ, ಹತ್ತಡಿಗೆ ಹತ್ತಡಿ. ಮೊದಲು ಅಷ್ಟೇ ಮಾಡಿ ನೋಡೋಣ ಎಂದದ್ದು ನನ್ನ ಪುಣ್ಯ. ಹಲಗೆ ಒಂದು ವರ್ಷ ಒಣಗಿತ್ತು. ನಾಲ್ಕಿಂಚು ಅಗಲ, ಒಂದರ ನಾಲಿಗೆ ಇನ್ನೊಂದರ ತೋಡಿಗೆ ಕೂರುವ ಹಾಗೆ ಟಂಗ್ ಗ್ರೂವ್ ಹೊಡೆಸಿದ್ದೆವು. ಕೂರಿಸಿದ್ದು ಮಾರ್ಚ್ ಕೊನೆಯಲ್ಲಿ, ಬಿಸಿಲು ಸುಡುವಾಗ. ಗೋಡೆಯ ಹತ್ತಿರ ಸ್ವಲ್ಪ ಸಂದು ಬಿಡೋಣವಾ ಎಂದು ಕೇಳಿದೆ. "ಗೌಡ್ರೇ, ಸಂದು ಬಿಟ್ರೆ ನೋಡ್ದೋರು ನನ್ನ ಕೆಲ್ಸಕ್ಕೆ ನಗ್ತಾರೆ" ಎಂದು ಆಚಾರ್ರು ಕೊನೆಯ ಹಲಗೆಯನ್ನು ಕೊಡತಿಯಲ್ಲಿ ಬಡಿದು ಬಡಿದು ಕೂರಿಸಿದರು. ನಿಜ ಹೇಳಬೇಕು, ಕನ್ನಡಿ ಹಾಗಿತ್ತು. ಒಂದು ಕಾಗದ ತೂರುವ ಹಾಗಿರಲಿಲ್ಲ.

ಜೂನ್ ಮೂರನೇ ವಾರದಿಂದ ರಾತ್ರಿ ಮೇಲಿಂದ "ಟಕ್" ಎಂದು ಸದ್ದು ಬರತೊಡಗಿತು. ಬೆಕ್ಕು ಅಂದುಕೊಂಡೆವು. ಜುಲೈನಲ್ಲಿ ಒಂದು ಬೆಳಿಗ್ಗೆ ಹೋಗಿ ತಳ್ಳಿದರೆ ಬಾಗಿಲು ತೆರೆಯುತ್ತಿಲ್ಲ. ಒಳಗೆ ನಡು ಕೋಣೆಯಲ್ಲಿ ಹಲಗೆಗಳು ಜಂತಿಯ ಮೊಳೆ ಕಿತ್ತುಕೊಂಡು ನಾಲ್ಕು ಬೆರಳು ಮೇಲೆದ್ದಿದ್ದವು. ಒಂದು ಕಡೆ ಗೋಡೆಯ ಗಾರೆಯೂ ಬಿರುಕು ಬಿಟ್ಟಿತ್ತು. ಬಾಣಲೆಯ ಹಪ್ಪಳ ಉಬ್ಬುತ್ತಲ್ಲ, ಹಾಗೆ.

ಲೆಕ್ಕ ಹಾಕಿದ್ದು ಆಮೇಲೆ. ನಮ್ಮ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ. ಬೇಸಿಗೆಯಲ್ಲಿ ನೂರಕ್ಕೆ ಹನ್ನೊಂದರಷ್ಟು ತೇವ ಇರುವ ಹಲಗೆ ಮಳೆಗಾಲದಲ್ಲಿ ಹದಿನೇಳರವರೆಗೆ ಏರುತ್ತದೆ. ಏರಿದಷ್ಟೂ ಅಡ್ಡಕ್ಕೆ ಹಿಗ್ಗುತ್ತದೆ. ನಾಲ್ಕಿಂಚಿನ ಮತ್ತಿ ಹಲಗೆ ಒಂದೂವರೆ ಮಿಲಿಮೀಟರ್ ಹಿಗ್ಗಿತು ಎಂದುಕೊಳ್ಳಿ. ಬರೀ ಒಂದೂವರೆ. ಆದರೆ ಹತ್ತಡಿ ಕೋಣೆಗೆ 30 ಹಲಗೆ. ಒಟ್ಟು 45 ಮಿಲಿಮೀಟರ್, ಹತ್ತಿರ ಹತ್ತಿರ ಎರಡಿಂಚು. ಅಷ್ಟು ಮರ ಎಲ್ಲಿಗೆ ಹೋಗಬೇಕು? ಮೇಲಕ್ಕೇ ಅಲ್ವಾ.

ತೊಲೆಯ ವಿಷಯ ಬೇರೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಎಷ್ಟು ಹಿಗ್ಗಿದರೂ ತೊಲೆ ಒಂಟಿಯಾಗಿ ನಿಂತಿರುತ್ತದೆ, ಪಕ್ಕದಲ್ಲಿ ತಳ್ಳಲು ಯಾರೂ ಇಲ್ಲ. ಹಲಗೆ ಹಾಗಲ್ಲ, ಮೂವತ್ತು ಜನ ಭುಜಕ್ಕೆ ಭುಜ ಕೊಟ್ಟು ನಿಂತ ಸಾಲು. ತೊಲೆಗೆ ಯಾವ ಮರ ಎಂಬುದರಲ್ಲಿ ನಮ್ಮ ಹಿರಿಯರ ಮಾತು ತಪ್ಪಿಲ್ಲ. ಆ ಮಾತನ್ನು ಹಾಗೇ ಎತ್ತಿ ನೆಲಕ್ಕೆ ಹಾಕಿದ್ದು ನಮ್ಮ ತಪ್ಪು. ನೆಲಕ್ಕೆ ಮರ ಆರಿಸುವಾಗ ಗಟ್ಟಿ ಎಷ್ಟು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ನಮ್ಮ ಮಳೆಗೆ ಅದು ಅಡ್ಡಕ್ಕೆ ಎಷ್ಟು ಹಿಗ್ಗುತ್ತದೆ ಅಂತ.

ಎರಡನೇ ಸಲ ಅವಸರ ಮಾಡಲಿಲ್ಲ. ಮತ್ತಿ, ಹೊನ್ನೆ, ಹೆಬ್ಬಲಸು, ತೇಗ, ನಾಲ್ಕರದ್ದೂ ಒಂದೊಂದು ತುಂಡು ತಂದೆ. ಎಲ್ಲವನ್ನೂ ಸರಿಯಾಗಿ ನೂರು ಮಿಲಿಮೀಟರ್ ಅಗಲಕ್ಕೆ ಕೀಸಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದು ಇಟ್ಟೆ. ಆಚಾರ್ರು ಅದನ್ನು ಒಯ್ದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು, ಬೇಗ ಒಣಗಲಿ ಅಂತ. ನಾನು ತೆಗೆದು ಹಲಗೆ ಹಾಸುವ ಕೋಣೆಯಲ್ಲೇ ಇಟ್ಟೆ. ಮರ ಎಲ್ಲಿ ಬಾಳಬೇಕೋ ಅಲ್ಲಿಯ ಗಾಳಿಯಲ್ಲೇ ನೋಡಬೇಕು. ಮಾರ್ಚಿನಲ್ಲಿ ಒಂದು ಸಲ, ಜುಲೈ ಕೊನೆಯಲ್ಲಿ ಒಂದು ಸಲ ವರ್ನಿಯರ್ ಹಿಡಿದು ಅಳೆದೆ. ಮತ್ತಿ ಒಂದೂವರೆ ಮಿಲಿಮೀಟರ್ ದಾಟಿತ್ತು. ಹೊನ್ನೆ ಒಂದರ ಆಸುಪಾಸು. ತೇಗ, ಹೆಬ್ಬಲಸು ಅದಕ್ಕಿಂತ ಚೂರು ಕಡಿಮೆ.

ಹೆಬ್ಬಲಸು ನನಗೆ ಇಷ್ಟದ ಮರ. ಪಶ್ಚಿಮ ಘಟ್ಟದ್ದೇ, ಬೇರೆಲ್ಲೂ ಹುಟ್ಟದ್ದು. ಒರಲೆ ಅದರ ಕೆಚ್ಚಿನ ಹತ್ತಿರ ಅಷ್ಟಾಗಿ ಸುಳಿಯುವುದಿಲ್ಲ, ಉಳಿಗೆ ಬೆಣ್ಣೆ ಹಾಗೆ ಸಿಗುತ್ತದೆ. ಆದರೆ ಹಗುರ, ತೇಗಕ್ಕಿಂತಲೂ. ಮಂಚ ಎಳೆದರೆ ಗೀರು ಬೀಳುತ್ತದೆ. ಹಳೇ ಕೊಟ್ಟಿಗೆಯಿಂದ ತೆಗೆದ ಒಂದಷ್ಟು ಹಲಗೆ ಇತ್ತು, ಅದನ್ನು ಯಾರೂ ಹೆಚ್ಚು ಓಡಾಡದ ದೇವರ ಕೋಣೆಗೆ ಹಾಕಿದೆ. ಗಟ್ಟಿಯೂ ಇರಬೇಕು, ಹಿಗ್ಗೂ ಮಿತಿಯಲ್ಲಿರಬೇಕು ಎಂದರೆ ಉಳಿದದ್ದು ಹೊನ್ನೆ.

ತೋಟದ ಮೇಲ್ತುದಿಯಲ್ಲಿ ಒಂದು ಹೊನ್ನೆ ಮಳೆಗಾಲದ ಗಾಳಿಗೆ ಬಿದ್ದಿತ್ತು. ಬಿದ್ದ ಮರವಾದರೂ ಅರಣ್ಯ ಇಲಾಖೆಗೆ ಅರ್ಜಿ, ಪಹಣಿ, ಸ್ಥಳ ಪರಿಶೀಲನೆ, ದಿಮ್ಮಿಗೆ ಹ್ಯಾಮರ್ ಗುರುತು, ಸಾಮಿಲ್ಲಿಗೆ ಒಯ್ಯಲು ಪಾಸ್, ಎಲ್ಲ ಆಗಬೇಕಾಯಿತು. ಮೂರು ತಿಂಗಳು ಹಿಡಿಯಿತು. ಮಾಲ್ಕಿ ನಾಟ, ಅಂದರೆ ಖಾಸಗಿ ಜಮೀನಿನ ಮರ, ಕೊಳ್ಳುವವರು ಈ ಕಾಗದಗಳನ್ನು ಮೊದಲು ನೋಡಿ, ಮರ ಆಮೇಲೆ.

ಹೊನ್ನೆ ಹೌದೋ ಅಲ್ಲವೋ ಎನ್ನಲು ಒಂದು ಸುಲಭದ ಪರೀಕ್ಷೆ ಇದೆ. ಕೆಚ್ಚಿನ ನಾಲ್ಕು ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಸಕ್ಕರೆ ಕಾಯಿಲೆಯವರು ನೀರು ಕುಡಿಯಲು ಕೊಳ್ಳುತ್ತಾರಲ್ಲ ಹೊನ್ನೆ ಲೋಟ, ಅದೇ ಮರ.

ದಿಮ್ಮಿ ಅಳತೆಯ ಬಗ್ಗೆ ಒಂದು ಮಾತು, ಮೋಸ ಹೋಗುವುದು ಇಲ್ಲೇ ಜಾಸ್ತಿ. ವ್ಯಾಪಾರದಲ್ಲಿ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಐದಡಿ ಸುತ್ತಳತೆ, ಹತ್ತಡಿ ಉದ್ದದ ದಿಮ್ಮಿ ಹೀಗೆ 15.6 ಘನ ಅಡಿ ಆಗುತ್ತದೆ. ನಿಜವಾಗಿ ಅದರಲ್ಲಿರುವುದು ಹತ್ತಿರ ಹತ್ತಿರ 20. ಆ ವ್ಯತ್ಯಾಸ ಸೀಳುವಾಗ ಹೋಗುವ ಮರಕ್ಕೆಂದು ಬಿಟ್ಟದ್ದು. ಹಾಗಾಗಿ ಮಾರುವವರು "ಪೂರ್ತಿ ಅಳತೆ"ಯ ಲೆಕ್ಕ ಹೇಳುತ್ತಾರೋ ಕಾಲು ಸುತ್ತಿನ ಲೆಕ್ಕವೋ ಎಂದು ಕೇಳಿಕೊಳ್ಳಿ.

ಮಿಲ್ಲಿನಲ್ಲಿ ನಾನು ದಿನವಿಡೀ ನಿಂತೆ. ಹಲಗೆಯ ತುದಿ ನೋಡಿದರೆ ಗೆರೆಗಳು ಕೆಲವದರಲ್ಲಿ ನಿಂತಿರುತ್ತವೆ, ಕೆಲವದರಲ್ಲಿ ಮಲಗಿರುತ್ತವೆ. ಗೆರೆ ನಿಂತ ಹಲಗೆ ಮಲಗಿದ್ದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟೇ ಹಿಗ್ಗುತ್ತದೆ. ಆ ತರ ಸೀಳಿದರೆ ಮರ ಜಾಸ್ತಿ ಹಾಳು, ದಿಮ್ಮಿಯನ್ನು ತಿರುಗಿಸುತ್ತಿರಬೇಕು, ಮಿಲ್ಲಿನವರಿಗೆ ಬೇಸರ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ದಿಮ್ಮಿಯನ್ನು ಬ್ರೆಡ್ ಕೊಯ್ದ ಹಾಗೆ ಕೊಯ್ದಿಟ್ಟಿದ್ದರು. ಬಿಳಿ ಭಾಗ ಇದ್ದ ಅಂಚನ್ನೂ ಹಾಗೇ ಸೇರಿಸಿದ್ದರು. ಜಗಳವಾಡಿ ಬೇರೆ ಮಾಡಿಸಿದೆ. ಹೊನ್ನೆಯ ಬಿಳಿಗೂ ಕುಟ್ಟೆ ಹುಳ ಹಿಡಿಯುತ್ತದೆ. ಅದನ್ನು ಬಿಟ್ಟು ಕೆಚ್ಚನ್ನಷ್ಟೇ ಇಟ್ಟುಕೊಳ್ಳಬೇಕು.

ಒಣಗಿಸಿದ್ದು ಹಳೇ ಕಾಫಿ ಗೋಡೌನಿನಲ್ಲಿ. ಕಣದ ಬಿಸಿಲಿಗೆ ಹಾಕಿದರೆ ತುದಿ ಸೀಳುತ್ತದೆ. ಎರಡಡಿಗೊಂದರಂತೆ ಇಂಚಿನ ಪಟ್ಟಿ ಇಟ್ಟು, ಪಟ್ಟಿಯ ಮೇಲೇ ಪಟ್ಟಿ ಬರುವ ಹಾಗೆ ಅಟ್ಟಿ ಕಟ್ಟಿದೆವು. ಹಲಗೆಯ ತುದಿಗಳಿಗೆ ಉಳಿದ ಹಳೇ ಪೇಂಟು ಬಳಿದು, ಮೇಲೆ ಸೈಜುಗಲ್ಲು ಹೇರಿದೆವು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎನ್ನುವ ಲೆಕ್ಕ ಮಲೆನಾಡಿಗೆ ಸಾಲದು. ಒಂದೂಕಾಲು ಇಂಚಿನ ಹಲಗೆಯನ್ನು ಎರಡು ಮಳೆಗಾಲ ಬಿಟ್ಟೆ. ಈ ಸಲ ತೇವ ಅಳೆಯುವ ಮೀಟರ್ ಕೊಂಡಿದ್ದೆ. ಎರಡು ಮುಳ್ಳು ಚುಚ್ಚಿದರೆ ಅಂಕಿ ತೋರಿಸುವಂಥದ್ದು. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಉಪಯೋಗಕ್ಕೆ ಬಂದ ಸಾಮಾನು ಅದೇ.

ಕೂರಿಸಿದ್ದು ನವೆಂಬರಿನಲ್ಲಿ, ಮೀಟರ್ 14 ತೋರಿಸುವಾಗ. ಬೇಸಿಗೆಯ ಒಣಗೂ ಮಳೆಗಾಲದ ತೇವಕ್ಕೂ ನಡುವಿನ ಹೊತ್ತು. ದೊಡ್ಡ ಕೋಣೆ ಹನ್ನೆರಡಡಿ ಅಗಲ, 36 ಹಲಗೆ. ಎರಡೂ ಗೋಡೆಯ ಹತ್ತಿರ ಅರ್ಧರ್ಧ ಇಂಚು ಸಂದು ಬಿಟ್ಟು ಮೇಲೆ ಪಟ್ಟಿ ಮುಚ್ಚಿದೆವು. ಹಲಗೆ ಹಲಗೆಯ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ತೆಗೆದು ಕೂರಿಸಿದೆವು. ನನ್ನ ಪುಣ್ಯಕ್ಕೆ ಆಚಾರ್ರೂ ಅವರೇ. ಕಾರ್ಡು ನೋಡಿ "ಮದ್ವೆ ಕರೆಯೋಲೆ ಇದ್ರೂ ಕೊಡಿ ಗೌಡ್ರೇ, ಇನ್ನೂ ದಪ್ಪ ಇರುತ್ತೆ" ಅಂದರು. ಜಂತಿ ಮಾತ್ರ ಮತ್ತಿಯದೇ, ಹದಿನಾರು ಇಂಚಿಗೊಂದು. ಎದ್ದ ಮತ್ತಿ ಹಲಗೆಗಳನ್ನು ಸೀಳಿ ಮೆಟ್ಟಿಲಿಗೆ ಹಾಕಿದೆ. ಅಲ್ಲಿ ಒಂದೊಂದೇ ಹಲಗೆ, ಯಾರನ್ನೂ ತಳ್ಳುವ ಪ್ರಮೇಯ ಇಲ್ಲ. ಮೊಳೆ ಹೊಡೆಯುವ ಮೊದಲು ಡ್ರಿಲ್ ಹಾಕದಿದ್ದರೆ ಮತ್ತಿ ಮೊಳೆಯನ್ನೇ ಬಗ್ಗಿಸುತ್ತದೆ, ನೆನಪಿರಲಿ.

ಹೊನ್ನೆಗೂ ಒಂದು ಕಾಟ ಇದೆ. ಎಣ್ಣೆ ಹಾಕುವ ಮೊದಲೇ ಶುಕ್ರವಾರ ಬಂತೆಂದು ಅವ್ವ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬಟ್ಟೆ ಅರಿಸಿನದ ಬಣ್ಣ, ಬಕೆಟ್ ನೀರು ಚಹಾ ಬಣ್ಣ. ನೆಲದ ಮೇಲೆ ಬಟ್ಟೆ ಬಿಟ್ಟ ಕಡೆ ಮಚ್ಚೆ. ಮತ್ತೆ ಉಜ್ಜುಕಾಗದ ಹಿಡಿದು ಎರಡು ದಿನ ಕೂತೆವು. ಆಮೇಲೆ ಅಗಸೆ ಎಣ್ಣೆ ಮೂರು ಸಲ, ಒಂದೊಂದಕ್ಕೂ ನಡುವೆ ಎರಡು ಮೂರು ದಿನ ಬಿಟ್ಟು. ಪಿಯು (ಪಾಲಿಯುರಿಥೇನ್) ಪಾಲಿಶ್ ಬೇಡ ಎಂದದ್ದು ನನ್ನ ಹಟ. ಹೊಳಪು ಜಾಸ್ತಿ, ಸರಿ. ಆದರೆ ಹಲಗೆ ಹಿಗ್ಗಿ ಕುಗ್ಗಿದಾಗ ಸಂದಿನ ಗುಂಟ ಅದು ಬಿರಿಯುತ್ತದೆ, ರಿಪೇರಿಗೆ ಇಡೀ ಕೋಣೆ ಉಜ್ಜಬೇಕು. ಎಣ್ಣೆಯಾದರೆ ಸವೆದ ಕಡೆ ಮಾತ್ರ ಬಳಿದರಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ ಎಸೆಯಿರಿ.

ಮಾರ್ಚಿನಲ್ಲಿ ಈಗಲೂ ಹಲಗೆ ನಡುವೆ ಸಣ್ಣ ಗೆರೆ ತೆರೆಯುತ್ತದೆ. ಈ ವರ್ಷ ಆ ಗೆರೆಗೆ ಅವ್ವನ ಸೂಜಿ ಬಿತ್ತು. ನಾಳೆ ತೆಗೆದರಾಯಿತು ಎಂದು ನಾನು ಬಿಟ್ಟೆ. ಅಷ್ಟರಲ್ಲಿ ಮಳೆ ಹಿಡಿದು ಗೆರೆ ಮುಚ್ಚಿಕೊಂಡಿತು. ಬೆಳಕು ಬಿದ್ದರೆ ಸೂಜಿಯ ಬೆನ್ನು ಮಿಂಚುತ್ತದೆ, ಉಗುರಿಗೂ ಸಿಗುವುದಿಲ್ಲ. ಜನವರಿವರೆಗೆ ಕಾಯಬೇಕು ಎಂದು ಅವ್ವನಿಗೆ ಹೇಳಿದ್ದೇನೆ.