ಹಿತ್ತಲಿನ ನರಿ ಮತ್ತು ಬೀಗದೊಳಗಿನ ಕೋವಿ

ಜನವರಿಯ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಿತ್ತಲಿನಿಂದ ಮಗುವೊಂದು ಚೀರಿದಂಥ ಸದ್ದು ಕೇಳಿ ನಾನೂ ನನ್ನ ಹೆಂಡತಿಯೂ ಗಾಬರಿಯಿಂದ ಎದ್ದು ಕುಳಿತೆವು. ಲಂಡನ್ನಿನ ದಕ್ಷಿಣದಂಚಿನ ಈ ಬಡಾವಣೆಗೆ ನಾವು ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಅದು ಹೆಣ್ಣು ನರಿಯ ಕೂಗೆಂದೂ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೆದೆಯ ಕಾಲವಾದ್ದರಿಂದ ಇದು ಇಲ್ಲಿ ಮಾಮೂಲೆಂದೂ ಪಕ್ಕದ ಮನೆಯ ಹಿರಿಯ ಮಹಿಳೆ ಮರುದಿನ ಬೇಲಿಯಾಚೆಯಿಂದ ತಿಳಿಸಿದರು. ಕೊಡಗಿನ ಕಾಫಿ ತೋಟದಲ್ಲಿ ಬೆಳೆದ ನನಗೆ ನರಿಯೆಂದರೆ ಮುಸ್ಸಂಜೆಯಲ್ಲಿ ಗುಂಪಾಗಿ ಊಳಿಡುವ ಪ್ರಾಣಿ. ಇಲ್ಲಿಯದು ಬೇರೆ ಜಾತಿಯ ಕೆಂಪು ನರಿ. ಹಾಡುಹಗಲಲ್ಲೇ ಕಾಂಪೌಂಡಿನ ಮೇಲೆ ನಡೆದುಹೋಗುತ್ತದೆ. ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟವೆಂದು ನಮ್ಮ ಕಡೆ ಹೇಳುತ್ತಾರೆ. ಆ ಲೆಕ್ಕದಲ್ಲಿ ಈ ಬೀದಿಯವರೆಲ್ಲ ಇಷ್ಟು ಹೊತ್ತಿಗೆ ಲಕ್ಷಾಧೀಶರಾಗಿರಬೇಕಿತ್ತು.

ಆ ವರ್ಷ ಮಾರ್ಚ್ ಕೊನೆಯಲ್ಲಿ ನಮ್ಮ ಐದು ಕೋಳಿಗಳಲ್ಲಿ ನಾಲ್ಕು ಒಂದೇ ರಾತ್ರಿಯಲ್ಲಿ ಹೋದವು. ಗೂಡಿಗೆ ನಾನು ಹೊಡೆದಿದ್ದದ್ದು ತೆಳು ತಂತಿಯ ಚಿಕನ್ ಮೆಶ್. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ನರಿ ಒಳಗೆ ಬರುವುದನ್ನು ತಡೆಯುವುದಿಲ್ಲ ಎಂಬುದು, ಹಲ್ಲಿನಿಂದ ಕಡಿದು ಅಗಲಿಸಿದ ಕಿಂಡಿಯನ್ನು ನೋಡಿದ ಮೇಲೆ ಅರ್ಥವಾಯಿತು. ಸಂಜೆ ಸಮಾಧಾನ ಹೇಳಲು ಬಂದ ನೆರೆಯವರೊಬ್ಬರು, ನಾನು ಪರವಾನಗಿ ಇರುವ ರೈಫಲ್ ಇಟ್ಟುಕೊಂಡಿದ್ದೇನೆಂದು ತಿಳಿದವರಾದ್ದರಿಂದ, ಮೇಲಿನ ಕಿಟಕಿಯಿಂದ ಒಂದು ಈಡು ಹೊಡೆದರೆ ಇಡೀ ಬೀದಿಗೇ ಉಪಕಾರವಾಗುತ್ತದೆ ಎಂದು ಅರ್ಧ ತಮಾಷೆಯಾಗಿ ಹೇಳಿದರು. ಅಂದಿನಿಂದ ಇಂದಿನವರೆಗೆ ಈ ಮಾತನ್ನು ಕನಿಷ್ಠ ಹತ್ತು ಜನರಿಂದ ಕೇಳಿದ್ದೇನೆ. ಪ್ರತಿ ಸಲವೂ ಇಲ್ಲವೆಂದಿದ್ದೇನೆ.

ಕಾರಣ ನರಿಯ ಮೇಲಿನ ಮಮತೆಯಲ್ಲ. ಇಂಗ್ಲೆಂಡಿನಲ್ಲಿ ನರಿಯನ್ನು ಕೊಲ್ಲುವುದೇ ಅಪರಾಧವೇನೂ ಅಲ್ಲ. ವಿಷವಿಡುವಂತಿಲ್ಲ, ಬಿಲಕ್ಕೆ ವಿಷಾನಿಲ ಬಿಡುವಂತಿಲ್ಲ, 2004ರ ಕಾಯ್ದೆಯ ನಂತರ ನಾಯಿಗಳನ್ನು ಬಿಟ್ಟು ಬೇಟೆಯಾಡುವಂತಿಲ್ಲ, 1996ರ ವನ್ಯ ಸಸ್ತನಿಗಳ ಕಾಯ್ದೆಯ ಪ್ರಕಾರ ಹಿಂಸಿಸುವಂತಿಲ್ಲ. ಆದರೆ ಸರಿಯಾದ ಆಯುಧದಿಂದ ಸರಿಯಾದ ಜಾಗದಲ್ಲಿ ಹೊಡೆಯಬಹುದು. ತೊಡಕಿರುವುದು ಆ ‘ಜಾಗ’ ಎಂಬ ಪದದಲ್ಲಿಯೇ. ನನ್ನ ಹಿತ್ತಲಿನ ಉದ್ದ ಇಪ್ಪತ್ತು ಮೀಟರ್. ಅದರಾಚೆ ಮರದ ಬೇಲಿ, ಬೇಲಿಯಾಚೆ ಮಕ್ಕಳ ಟ್ರ್ಯಾಂಪೊಲಿನ್, ಅದರಾಚೆ ಅಡುಗೆಮನೆಯ ಗಾಜಿನ ಬಾಗಿಲು. ಚಿಕ್ಕದೆಂದು ಎಲ್ಲರೂ ಅಸಡ್ಡೆ ಮಾಡುವ .22 ರಿಮ್‌ಫೈರ್ ಗುಂಡು ಸಹ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬಲ್ಲದು. ಗಟ್ಟಿ ನೆಲಕ್ಕೋ ಕಲ್ಲಿಗೋ ತಾಗಿದರೆ ಪುಟಿದು ಎತ್ತ ಹೋಗುತ್ತದೆಂದು ಹೇಳಲಾಗದು. ತಪ್ಪಿದ ಗುಂಡನ್ನು ನುಂಗಿಕೊಳ್ಳುವ ಮಣ್ಣಿನ ದಿಬ್ಬ ಹಿಂದೆ ಇಲ್ಲದ ಕಡೆ ಗುರಿಕಾರ ಎಷ್ಟು ನಿಪುಣನಾಗಿದ್ದರೂ ಪ್ರಯೋಜನವಿಲ್ಲ. ಗುಂಡು ಗುರಿಯನ್ನು ತೂರಿಕೊಂಡೂ ಮುಂದೆ ಹೋಗುತ್ತದೆ. ಹಾಗಾದರೆ ಏರ್ ಗನ್ ಸಾಕಲ್ಲವೇ ಎಂದು ಕೇಳಿದವರೂ ಇದ್ದಾರೆ. ಪರವಾನಗಿಯಿಲ್ಲದೆ ಇಲ್ಲಿ ಸಿಗುವ ಏರ್ ಗನ್ನಿನ ಬಲ ಇಲಿಗೆ, ಪಾರಿವಾಳಕ್ಕೆ ಸಾಕಾದೀತು. ನರಿಗೆ ಅದರಿಂದಾಗುವುದು ಕೀವುಗಟ್ಟುವ ಗಾಯ, ಯಾರದೋ ಶೆಡ್ಡಿನ ಕೆಳಗೆ ವಾರಗಟ್ಟಲೆಯ ನರಳಾಟ.

ನನ್ನ ಅಜ್ಜನ ಮನೆಯಲ್ಲಿ ಕೋವಿ ಗೋಡೆಗೆ ನೇತುಬಿದ್ದಿರುತ್ತಿತ್ತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದನ್ನು ಇಳಿಸಿ, ಒರೆಸಿ, ತೋಕ್ ಪೂ ಎಂಬ ಕೋವಿ ಹೂವನ್ನು ನಳಿಗೆಯ ತುದಿಗೆ ಸಿಕ್ಕಿಸಿ ಪೂಜಿಸುತ್ತಿದ್ದೆವು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹೊಡೆಯುವ ಪದ್ಧತಿಯಿರುವ ಜನ ನಾವು. ಬ್ರಿಟಿಷರ ಕಾಲದಲ್ಲಿ ಕೊಡವರಿಗೆ ಸಿಕ್ಕ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಅಂಥ ಮನೆಯಿಂದ ಬಂದವನು ಆ ವಿನಾಯಿತಿ ಕೊಟ್ಟವರ ನಾಡಿಗೇ ಬಂದು ಒಂದು ರೈಫಲಿಗಾಗಿ ತಿಂಗಳುಗಟ್ಟಲೆ ಕಾದೆ ಎಂದರೆ ಊರಿನಲ್ಲಿ ನಗುತ್ತಾರೆ. ಆದರೆ ಕೋವಿಯನ್ನು ಗೌರವಿಸುವುದನ್ನು ಮನೆಯಲ್ಲಿ ಕಲಿತೆನಾದರೂ, ಅದರ ಲೆಕ್ಕ ಒಪ್ಪಿಸುವುದನ್ನು ಕಲಿತದ್ದು ಇಲ್ಲಿಯೇ.

ಇಲ್ಲಿ ಎಲ್ಲಕ್ಕೂ ಬುನಾದಿ 1968ರ ಫೈರ್‌ಆರ್ಮ್ಸ್ ಕಾಯ್ದೆ. ಪರವಾನಗಿ ಕೊಡುವವರು ಪೊಲೀಸರು. ಅದರ ಅವಧಿ ಐದು ವರ್ಷ. ಚರೆ ಹಾರಿಸುವ ಶಾಟ್‌ಗನ್ನಿಗೆ ಒಂದು ಪರವಾನಗಿ ಪತ್ರ, ರೈಫಲಿಗೆ ಅದಕ್ಕಿಂತ ಬಿಗಿಯಾದ ಇನ್ನೊಂದು ಪತ್ರ. ರೈಫಲ್ ಬೇಕೆನ್ನುವವನು ಪ್ರತಿಯೊಂದು ಬಂದೂಕಿಗೂ ಪ್ರತ್ಯೇಕವಾಗಿ ಸಕಾರಣ ತೋರಿಸಬೇಕು, ಇಷ್ಟವೆಂಬುದು ಕಾರಣವಲ್ಲ. ಆತ್ಮರಕ್ಷಣೆಯನ್ನೂ ಇಲ್ಲಿ ಕಾರಣವೆಂದು ಒಪ್ಪುವುದಿಲ್ಲ ಎಂಬುದು ನಮ್ಮವರಿಗೆ ವಿಚಿತ್ರವೆನಿಸುತ್ತದೆ. ಪರಿಚಿತರೊಬ್ಬರಿಗೆ ಊರಾಚೆ ಕುರಿ ಸಾಕಣೆಯ ಜಮೀನಿದೆ. ಮರಿ ಹಾಕುವ ಕಾಲದಲ್ಲಿ ನರಿಗಳ ಕಾಟ ತಡೆಯಲು ಅವರು ನನಗೆ ಕೊಟ್ಟ ಲಿಖಿತ ಅನುಮತಿಯೇ ನನ್ನ ಸಕಾರಣವಾಯಿತು. ಒಮ್ಮೆಗೆ ಎಷ್ಟು ತೋಟಾ ಕೊಳ್ಳಬಹುದು, ಒಟ್ಟು ಎಷ್ಟು ಇಟ್ಟುಕೊಳ್ಳಬಹುದು ಎಂಬುದನ್ನು ಪತ್ರದಲ್ಲಿಯೇ ನಮೂದಿಸಿರುತ್ತಾರೆ, ಕೊಂಡದ್ದನ್ನು ಅಂಗಡಿಯವನು ಅದರಲ್ಲಿಯೇ ಬರೆಯುತ್ತಾನೆ. ಖಿನ್ನತೆ, ಕುಡಿತ ಇತ್ಯಾದಿಗಳ ಬಗ್ಗೆ ನನ್ನ ವೈದ್ಯರಿಂದ ಮಾಹಿತಿ ತರಿಸಿಕೊಂಡರು, ನನ್ನನ್ನು ಬಲ್ಲ ಇಬ್ಬರ ಶಿಫಾರಸು ಕೇಳಿದರು. ಕೊನೆಗೆ ಅಧಿಕಾರಿಯೊಬ್ಬರು ಮನೆಗೇ ಬಂದರು.

ಆ ದಿನ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಉಕ್ಕಿನ ಕಪಾಟನ್ನು ಇಟ್ಟಿಗೆ ಗೋಡೆಗೆ ಬೋಲ್ಟ್ ಹಾಕಿ ಭದ್ರವಾಗಿ ಕೂರಿಸಿದ್ದೆ, ತೋಟಾ ಇಡಲು ಬೇರೆ ಪೆಟ್ಟಿಗೆ ಮಾಡಿದ್ದೆ. ಅಧಿಕಾರಿ ಕಪಾಟನ್ನು ಅಲುಗಾಡಿಸಿ ನೋಡಿ ತಲೆದೂಗಿದರು. ನಂತರ ಬೀಗದ ಕೈ ಎಲ್ಲಿರುತ್ತದೆಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯ ಎರಡನೆಯ ಡ್ರಾಯರಿನಿಂದ ಅದನ್ನು ತಂದು ಅವರ ಕೈಗೆ ಕೊಟ್ಟಳು. ಪರವಾನಗಿ ಇಲ್ಲದವರ ಕೈಗೆ ಕೋವಿ ಸಿಗುವಂತಿರಬಾರದು, ಆ ‘ಇಲ್ಲದವರು’ ಎಂಬ ಮಾತಿನಲ್ಲಿ ಹೆಂಡತಿ ಮಕ್ಕಳೂ ಸೇರುತ್ತಾರೆ ಎಂದು ಅವರು ತಾಳ್ಮೆಯಿಂದಲೇ ವಿವರಿಸಿ, ಸರಿಪಡಿಸಿದ ಮೇಲೆ ಮತ್ತೆ ಬರುವುದಾಗಿ ಹೇಳಿ ಹೊರಟುಹೋದರು. ಈಗ ಬೀಗದ ಕೈ ಅಂಕಿಗಳ ಬೀಗವಿರುವ ಪುಟ್ಟ ತಿಜೋರಿಯಲ್ಲಿದೆ. ಆ ಅಂಕಿಗಳು ನನ್ನೊಬ್ಬನಿಗೇ ಗೊತ್ತು. ಇಷ್ಟಾದರೂ ಎರಡು ವರ್ಷದ ನಂತರ, ಡ್ರೈ ಕ್ಲೀನಿಂಗಿಗೆ ಕೊಡಲು ತೆಗೆದ ನನ್ನ ಜಾಕೆಟ್ಟಿನ ಜೇಬಿನಲ್ಲಿ ಒಂದು ತೋಟಾ ಉಳಿದಿದ್ದುದು ಅವಳ ಕೈಗೆ ಸಿಕ್ಕಿತು. ಅಂದಿನಿಂದ ಜಮೀನಿಗೆ ಹೊರಡುವಾಗ ಎಣಿಸಿ ಹತ್ತೇ ತೋಟಾ ಒಯ್ಯುತ್ತೇನೆ, ಮರಳಿದ ಮೇಲೆ ಹೊಡೆದ ತೋಟಾಗಳ ಖಾಲಿ ಚಿಪ್ಪುಗಳನ್ನೂ ಸೇರಿಸಿ ಹತ್ತು ಎಣಿಸಿದ ನಂತರವೇ ಬೂಟು ಬಿಚ್ಚುತ್ತೇನೆ.

ಜಮೀನಿನಲ್ಲಿ ನಾನು ಬಳಸುವುದು .22 ರಿಮ್‌ಫೈರಿಗಿಂತ ಹೆಚ್ಚು ಬಲದ .223 ರೈಫಲ್. ಮೊದಲು ಹಗಲಿನಲ್ಲಿ ಹೋಗಿ ಕಾಲುದಾರಿ ಎಲ್ಲಿದೆ, ಮನೆ ಯಾವ ದಿಕ್ಕಿಗಿದೆ, ಗುಡ್ಡದ ಇಳಿಜಾರು ಎಲ್ಲಿಂದ ಎಲ್ಲಿಯವರೆಗೆ ಹಿಂದೆ ನಿಲ್ಲುತ್ತದೆ ಎಂಬುದನ್ನು ಕಣ್ಣಾರೆ ನೋಡಿ, ಹೊಡೆಯಬಹುದಾದ ಕೋನಗಳನ್ನು ಗುರುತು ಹಾಕಿಕೊಂಡಿದ್ದೇನೆ. ಕತ್ತಲಲ್ಲಿ ಆ ಕೋನಗಳ ಹೊರಗೆ ನರಿ ಹತ್ತೇ ಮೀಟರಿನಲ್ಲಿ ನಿಂತರೂ ಬಿಟ್ಟುಬಿಡುತ್ತೇನೆ. ಬೆಳಕಿಗೆ ಹೊಳೆಯುವ ಎರಡು ಕಣ್ಣುಗಳನ್ನಷ್ಟೇ ನೋಡಿ ಹೊಡೆಯುವವನು ಒಂದಲ್ಲ ಒಂದು ದಿನ ಯಾರದೋ ನಾಯಿಯನ್ನೋ, ಕಾನೂನಿನ ರಕ್ಷಣೆಯಿರುವ ಬ್ಯಾಡ್ಜರ್ ಎಂಬ ಕಾಡುಪ್ರಾಣಿಯನ್ನೋ ಕೊಲ್ಲುತ್ತಾನೆ. ಇಡೀ ದೇಹ ಕಾಣಬೇಕು, ನಡಿಗೆ ಕಾಣಬೇಕು, ಪಕ್ಕೆ ನನ್ನ ಕಡೆಗೆ ತಿರುಗಿರಬೇಕು. ಮಾರ್ಚ್ ಮಧ್ಯದ ನಂತರ ಹೊಡೆದ ಹೆಣ್ಣು ನರಿಯ ಮರಿಗಳು ಬಿಲದಲ್ಲಿ ಹಸಿದು ಸಾಯುತ್ತವೆ ಎಂಬ ಕಾರಣಕ್ಕೆ ಬಹುಪಾಲು ಕೆಲಸವನ್ನು ಫೆಬ್ರವರಿಯೊಳಗೆ ಮುಗಿಸುವುದು ನನ್ನ ಸ್ವಂತ ಕಟ್ಟಳೆ. ಕಾನೂನು ಅದನ್ನು ಕೇಳುವುದಿಲ್ಲ.

ಹಿತ್ತಲಿಗೆ ಮಾತ್ರ ಕೋವಿಯಲ್ಲದ ಉಪಾಯವೇ ಬೇಕಿತ್ತು. ಒಂದು ನರಿಯನ್ನು ಕೊಂದರೂ, ತಿನ್ನಲು ಸಿಗುವ ತನಕ ಅದರ ಸೀಮೆಗೆ ಇನ್ನೊಂದು ಬರುತ್ತದೆ. ಬೋನಿನಲ್ಲಿ ಹಿಡಿದು ದೂರದ ಹಳ್ಳಿಯಲ್ಲಿ ಬಿಡುವುದು ದಯೆಯಂತೆ ಕಂಡರೂ, ಪರಿಚಯವಿಲ್ಲದ ಸೀಮೆಯಲ್ಲಿ ಅದು ಬದುಕುವುದು ಕಷ್ಟ. ಹಾಗಾಗಿ ಮೊದಲು ನನ್ನ ಮನೆಯೇ ಏಕೆ ಬೇಕಾಯಿತೆಂದು ಹುಡುಕಿದೆ. ಗುಲಾಬಿ ಗಿಡಗಳಿಗೆ ನಾನೇ ಹಾಕಿದ್ದ ಮೂಳೆ ಗೊಬ್ಬರದ ವಾಸನೆಗೆ ಅವು ಬಂದು ನೆಲ ಕೆದಕುತ್ತಿದ್ದವು, ಅದನ್ನು ನಿಲ್ಲಿಸಿದೆ. ಗೂಡಿಗೆ ದಪ್ಪ ತಂತಿಯ ವೆಲ್ಡ್ ಮೆಶ್ ಹೊಡೆದು, ಅದನ್ನು ಒಂದಡಿ ಆಳಕ್ಕೆ ಹೂತು, ಅಡಿಯಲ್ಲಿ ಹೊರಮುಖವಾಗಿ ಮಡಿಸಿ ಮೇಲೆ ಕಲ್ಲುಹಾಸು ಹಾಕಿದೆ. ಮೇಲುಭಾಗವನ್ನೂ ಮುಚ್ಚಿದೆ, ಏಕೆಂದರೆ ಆರಡಿ ಬೇಲಿ ನರಿಗೆ ಲೆಕ್ಕವಲ್ಲ. ತಿರುಗಿಸುವ ಮರದ ಚಿಲಕವನ್ನು ತೆಗೆದು ಕಬ್ಬಿಣದ ಅಗುಳಿ ಹಾಕಿದೆ. ಪಕ್ಕದ ಮನೆಯ ಶೆಡ್ಡಿನ ಕೆಳಗೆ ಮರಿಗಳಿದ್ದುದರಿಂದ ಆ ಹಿರಿಯ ಮಹಿಳೆಯನ್ನು ಒಪ್ಪಿಸಿ ಜೂನ್ ತನಕ ಕಾದೆವು. ನಂತರ ಬಿಲದ ಬಾಯಿಗೆ ಒಣಹುಲ್ಲನ್ನು ಸಡಿಲವಾಗಿ ತುರುಕಿ, ನಾಲ್ಕೈದು ದಿನ ಅದು ಅಲುಗದೆ ಇದ್ದುದನ್ನು ಖಚಿತಪಡಿಸಿಕೊಂಡು ಮುಚ್ಚಿದೆವು. ಆಮೇಲೆ ನಮ್ಮ ಕೋಳಿಗಳಲ್ಲಿ ಒಂದೂ ನರಿಯ ಪಾಲಾಗಿಲ್ಲ. ಹೂಕುಂಡದಲ್ಲಿ ಅವು ಹೂತಿಟ್ಟು ಹೋಗುವ ಯಾರದೋ ಒಂಟಿ ಚಪ್ಪಲಿಗಳ ಕಾಟ ಮಾತ್ರ ಇನ್ನೂ ಇದೆ.

ಹೋದ ವರ್ಷ ಪರವಾನಗಿಯ ನವೀಕರಣಕ್ಕೆ ಬೇರೊಬ್ಬ ಅಧಿಕಾರಿ ಬಂದಿದ್ದರು. ರೈಫಲಿನ ಸಂಖ್ಯೆಯನ್ನು ಪತ್ರದೊಂದಿಗೆ ತಾಳೆ ನೋಡಿ, ತೋಟಾಗಳನ್ನು ಎಣಿಸಿ, ವರ್ಷದಲ್ಲಿ ಎಷ್ಟು ಹೊಡೆದೆನೆಂದು ಕೇಳಿದರು. ನನ್ನ ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆದಿಟ್ಟಿದ್ದ ಹನ್ನೊಂದನ್ನು ತೋರಿಸಿದೆ. ಅವರು ಚಹಾ ಕುಡಿಯುತ್ತಿರುವಾಗ ಕಿಟಕಿಯಾಚೆ ಕೋಳಿಗೂಡಿನ ಮುಂದೆಯೇ ಒಂದು ನರಿ ನಿಧಾನವಾಗಿ ದಾಟಿಹೋಯಿತು. ಇಬ್ಬರೂ ನೋಡಿದೆವು. ಅವರು ಲೋಟ ಕೆಳಗಿಟ್ಟು, ಬೀಗದ ಕೈ ಎಲ್ಲಿರುತ್ತದೆಂದು ಕೇಳಿದರು.