ಒಲೆಯ ಹಂಗಿಲ್ಲದ ಅಡುಗೆಮನೆ

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಬೆಂಗಳೂರಿನ ಒಂದು ದೊಡ್ಡ ಹೋಟೆಲಿಗೆ ಕಮಿ (ಕಿರಿಯ ಬಾಣಸಿಗ) ಆಗಿ ಸೇರಿದಾಗ ನಾನು ಆಸೆಪಟ್ಟಿದ್ದು ತಂದೂರ್ ಸೆಕ್ಷನ್‌ಗೆ. ಹಾಕಿದ್ದು ಕೋಲ್ಡ್ ಕಿಚನ್‌ಗೆ. "ಸೌತೆಕಾಯಿ ಹೆಚ್ಚೋಕೂ ಡಿಗ್ರಿ ಬೇಕೇನೋ?" ಅಂತ ರೂಮ್‌ಮೇಟ್ ನಕ್ಕ. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು.

ಡ್ಯೂಟಿ ಚಾರ್ಟಿನಲ್ಲಿ ಅದರ ಹೆಸರು ಗಾರ್ಡ್ ಮಾಂಜೇ. ಫ್ರಾನ್ಸಿನ ಸಿರಿವಂತರ ಮನೆಗಳಲ್ಲಿ ಮಾಂಸ, ಬೆಣ್ಣೆ, ಚೀಸ್ ಕೆಡದಂತೆ ಇಡುತ್ತಿದ್ದ ತಂಪು ಕೋಣೆಗೆ ಇದ್ದ ಹೆಸರು ಅದು. ಆಮೇಲೆ ಆ ಕೋಣೆ ನೋಡಿಕೊಳ್ಳುವವನಿಗೂ ಅಂಟಿತು. ನಮ್ಮಲ್ಲಿ ಉಗ್ರಾಣ ನೋಡಿಕೊಳ್ಳುವವ ಉಗ್ರಾಣಿ ಆದ ಹಾಗೆ. ಸಲಾಡ್, ಡ್ರೆಸಿಂಗ್, ಸ್ಯಾಂಡ್‌ವಿಚ್, ಕನಪೆ (ಒಂದೇ ತುತ್ತಿನ ಬ್ರೆಡ್ ತಿನಿಸು), ಚೀಸ್ ತಟ್ಟೆ, ಪಾಟೆ ಮತ್ತು ಟೆರೀನ್ (ರುಬ್ಬಿದ ಮಾಂಸ ಬೇಯಿಸಿ ತಣ್ಣಗೆ ಬಡಿಸುವ ತಿನಿಸುಗಳು), ಹಣ್ಣಿನ ಕೆತ್ತನೆ ಎಲ್ಲ ನಮ್ಮ ಪಾಲಿಗೆ.

ಮೊದಲ ಪೆಟ್ಟು ಬಿದ್ದದ್ದು ಚಿಕನ್ ಟೆರೀನ್‌ನಲ್ಲಿ. ಮಾಂಸ, ಕೊಬ್ಬು, ಕ್ರೀಮ್ ಮೂರೂ ತಣ್ಣಗಿರಬೇಕು, ರುಬ್ಬುವ ಬಟ್ಟಲಿನ ಕೆಳಗೆ ಐಸ್ ಇರಬೇಕು. ಸ್ವಲ್ಪ ಬಿಸಿಯಾದರೂ ಕೊಬ್ಬು ಒಡೆದು ಹೊರಗೆ ಬರುತ್ತದೆ. ಅಷ್ಟನ್ನೂ ಸರಿಯಾಗಿಯೇ ಮಾಡಿದ್ದೆ. ಒಂದು ಚೂರು ಬೇಯಿಸಿ ಬಿಸಿಬಿಸಿ ಇರುವಾಗಲೇ ರುಚಿ ನೋಡಿದೆ, ಉಪ್ಪು ಖಾರ ಹದವಾಗಿತ್ತು. ಅಚ್ಚಿಗೆ ತುಂಬಿ, ನೀರಿನ ತಟ್ಟೆಯಲ್ಲಿಟ್ಟು ಅವನ್‌ನಲ್ಲಿ ಬೇಯಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಕತ್ತರಿಸಿ ಬಾಯಿಗಿಟ್ಟರೆ ಬರೀ ಸಪ್ಪೆ. ಯಾರೋ ಉಪ್ಪು ಕದ್ದ ಹಾಗೆ.

ಸೂ ಶೆಫ್, ಅಂದರೆ ಮುಖ್ಯ ಬಾಣಸಿಗರ ನಂತರದವರು, ಬೈಯಲಿಲ್ಲ. "ತಣ್ಣಗಿದ್ದಾಗ ನಾಲಿಗೆ ಅರ್ಧ ನಿದ್ದೆಯಲ್ಲಿರುತ್ತೆ" ಅಂದರು. ಅವತ್ತಿನಿಂದ ಮಿಶ್ರಣದ ಒಂದು ಉಂಡೆಯನ್ನು ಕ್ಲಿಂಗ್ ಫಿಲ್ಮ್‌ನಲ್ಲಿ ಸುತ್ತಿ, ನೀರಿನಲ್ಲಿ ಬೇಯಿಸಿ, ಐಸ್ ನೀರಿನಲ್ಲಿ ಮುಳುಗಿಸಿ, ಪೂರ್ತಿ ತಣ್ಣಗಾದ ಮೇಲೆಯೇ ರುಚಿ ನೋಡುತ್ತೇನೆ. ಆಗ ಕೆ.ಜಿ.ಗೆ 11 ಗ್ರಾಂ ಉಪ್ಪು ಹಾಕಿದ್ದೆ, ಈಗ ನನ್ನ ಲೆಕ್ಕ 16. ಅತಿಥಿ ತಿನ್ನುವ ತಂಪಿನಲ್ಲೇ ನಾವೂ ರುಚಿ ನೋಡಬೇಕು ಅನ್ನುವ ಈ ಒಂದು ಮಾತು ತಲೆಗೆ ಹತ್ತಲು ನನಗೆ ಒಂದು ಅಚ್ಚು ಟೆರೀನ್ ಖರ್ಚಾಯಿತು.

ಎರಡನೆಯದು ಏಪ್ರಿಲ್‌ನ ಒಂದು ರಿಸೆಪ್ಷನ್, ಲಾನ್‌ನಲ್ಲಿ. ಇಡೀ ಸ್ಯಾಮನ್ ಬೇಯಿಸಿ, ಅದರ ಮೇಲೆ ಸೌತೆಕಾಯಿಯ ತೆಳು ಬಿಲ್ಲೆಗಳನ್ನು ಪೊರೆಯ ಹಾಗೆ ಜೋಡಿಸಿ, ಆಸ್ಪಿಕ್ (ಜೆಲಟಿನ್‌ನಿಂದ ಗಟ್ಟಿಯಾಗುವ ಸಾರಿನ ಜೆಲ್ಲಿ) ಸುರಿದು ಹೊಳೆಯುವಂತೆ ಮಾಡಿದ್ದೆ. ಮೂರು ಗಂಟೆಯ ಕೆಲಸ. ಫೋಟೋ ಕೂಡ ತೆಗೆದುಕೊಂಡಿದ್ದೆ, ಅದೊಂದೇ ಉಳಿದದ್ದು. ಜೆಲಟಿನ್ 30ರಿಂದ 35 ಡಿಗ್ರಿಯಲ್ಲಿ ಕರಗಿಹೋಗುತ್ತದೆ. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಇಳಿಯುವುದು ಅದಕ್ಕೇ. ಮೇಲೆ ಹ್ಯಾಲೊಜೆನ್ ದೀಪ ಬೇರೆ. ವಧೂವರರು ಸ್ಟೇಜಿಗೆ ಬರುವ ಹೊತ್ತಿಗೆ ಬಿಲ್ಲೆಗಳು ಒಂದೊಂದಾಗಿ ಜಾರಿ ತಟ್ಟೆಯಲ್ಲಿ ತೇಲುತ್ತಿದ್ದವು. ಮೀನು ಬೋಳು.

ಸಸ್ಯಾಹಾರಿಗಳ ತಟ್ಟೆಗೆ ಜೆಲಟಿನ್ ಬದಲು ಕಡಲಕಳೆಯಿಂದ ಮಾಡುವ ಚೈನಾ ಗ್ರಾಸ್ ಬಳಸಿದ್ದೆವು, ಅದು ಮಾತ್ರ ಅಲುಗಾಡಲಿಲ್ಲ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು 85 ಡಿಗ್ರಿಯಾದರೂ ಬೇಕು. ಆದರೆ ಅದು ಬಾಯಲ್ಲಿ ಕರಗುವುದಿಲ್ಲ, ಪುಡಿಪುಡಿಯಾಗಿ ಮುರಿಯುತ್ತದೆ. ನನಗೆ ಇವತ್ತಿಗೂ ಅದರ ಮೇಲೆ ಪ್ರೀತಿ ಇಲ್ಲ. ಈಗ ಲಾನ್ ಪಾರ್ಟಿ ಅಂದರೆ ಆಸ್ಪಿಕ್ ಆಗಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಬಿಸಿ ಅಡುಗೆಯವರಿಗೆ ಒಂದು ಧೈರ್ಯ ಇರುತ್ತದೆ, ಕೊನೆಗೆ ಒಮ್ಮೆ ಕುದಿಸಿದರಾಯಿತು ಅಂತ. ನಮಗೆ ಆ ಕೊನೆಯ ಕುದಿ ಇಲ್ಲ. ಹಾಗಾಗಿ ಜೇಬಿನಲ್ಲಿ ಪೆನ್ ಇಲ್ಲದಿದ್ದರೂ ಥರ್ಮಾಮೀಟರ್ ಇರುತ್ತದೆ. 5 ಡಿಗ್ರಿ ದಾಟಿತು ಅಂದರೆ ಗಡಿಯಾರ ನೋಡಲು ಶುರು. ಹೊಸ ಹುಡುಗರು ತಪ್ಪುವುದು ಆಲೂಗಡ್ಡೆ ಸಲಾಡ್‌ನಲ್ಲಿ: ಬಿಸಿ ಆಲೂಗಡ್ಡೆಗೇ ಮಯೋನೀಸ್ ಕಲಸಿ, ಆಳದ ಡಬ್ಬಿಗೆ ತುಂಬಿ ವಾಕ್-ಇನ್‌ಗೆ (ಒಳಗೆ ನಡೆದುಹೋಗುವಷ್ಟು ದೊಡ್ಡ ಫ್ರಿಜ್) ತಳ್ಳುತ್ತಾರೆ. ಮೇಲ್ಪದರ ಮುಟ್ಟಿದರೆ ತಣ್ಣಗೆ, ನಡುವೆ ಗಂಟೆಗಟ್ಟಲೆ ಬೆಚ್ಚಗೆ. ಎರಡಿಂಚಿನ ಟ್ರೇಯಲ್ಲಿ ತೆಳ್ಳಗೆ ಹರಡಿ, ಆರಿದ ಮೇಲೆ ಕಲಸಿ ಅಂತ ಹೇಳಿ ಹೇಳಿ ಗಂಟಲು ಒಣಗಿದೆ.

ಕೆಲವು ವರ್ಷದ ನಂತರ ಬಫೆಯ ಸಲಾಡ್ ಕೌಂಟರಿನಲ್ಲಿ ನಮ್ಮ ಹೆಸರುಬೇಳೆ ಕೋಸಂಬರಿ ಇಡೋಣ ಅಂತ ನಾನೇ ಮುಂದಾಗಿ ಕೇಳಿದೆ. ನಮ್ಮೂರು ಪುತ್ತೂರಿನ ಕಡೆ. ಬಡಿಸುವ ಮುಂಚೆ ಉಪ್ಪು ಮುಟ್ಟಬೇಡ, ಸೌತೆಕಾಯಿ ನೀರು ಬಿಡುತ್ತೆ ಅಂತ ಅಜ್ಜಿ ಹೇಳುತ್ತಿದ್ದದ್ದನ್ನೇ ಹುಡುಗರಿಗೂ ಹೇಳಿಕೊಟ್ಟೆ. ಬೇಳೆ, ಸೌತೆ, ಕಾಯಿತುರಿ ಎಲ್ಲ ಸರಿಯಾಯಿತು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟೆ. ಆದರೆ ಅಜ್ಜಿ ಯಾವತ್ತೂ ಕೋಸಂಬರಿಯನ್ನು ಐಸ್ ಮೇಲೆ ಇಟ್ಟವಳಲ್ಲ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅರ್ಧ ಗಂಟೆಯಲ್ಲಿ ಬೇಳೆಯ ಮೇಲೆಲ್ಲ ಬಿಳಿ ಕಾಳು ಕಾಳು. ಒಬ್ಬ ಹಿರಿಯರು ಚಮಚದಲ್ಲಿ ಎತ್ತಿ ತೋರಿಸಿ, "ಏನಪ್ಪಾ, ಮೇಣದಬತ್ತಿ ಕರಗಿಸಿ ಹಾಕಿದ್ದೀರಾ?" ಅಂತ ಕೇಳಿದರು.

ಮರುದಿನದಿಂದ ಸೂರ್ಯಕಾಂತಿ ಎಣ್ಣೆ. ನೋಡಲು ಚೆನ್ನಾಗಿದೆ, ಯಾರೂ ದೂರಿಲ್ಲ. ಆದರೆ ಆ ಪರಿಮಳ ಇಲ್ಲ. ಕಾಯಿತುರಿಯನ್ನು ಒಂದು ಹಿಡಿ ಜಾಸ್ತಿ ಮಾಡಿ ನೋಡಿದೆ, ಊಹೂಂ.